ಮಂಚದ ಕೆಳಗೆ ಬಗ್ಗಿ ನೋಡುವವರು

ಬೆಳಗಿನ ಐದೂಮುಕ್ಕಾಲು. ಹುಡುಗಿಯರ ಹಾಸ್ಟೆಲ್ಲಿನ ಮೂರನೇ ಮಹಡಿಯ ಸ್ನಾನದ ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿದೆ. ಅದರ ಕೆಳಗಿಟ್ಟ ನೀಲಿ ಬಕೆಟ್ಟಿನ ಒಳಮೈಯಲ್ಲಿ ಕೆಂಪು ಗೆರೆಗಳಿವೆ. ಉಗುರಿಗೆ ಹಚ್ಚುವ ಬಣ್ಣದಲ್ಲಿ ಎಳೆದ ಗೆರೆಗಳು, ಲೀಟರಿಗೊಂದರಂತೆ. ಐವತ್ತೆರಡು ವರ್ಷದ ಹೆಂಗಸೊಬ್ಬರು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ, ಬಗ್ಗುತ್ತಾರೆ, ಗೆರೆ ನೋಡುತ್ತಾರೆ. ಹನ್ನೊಂದು. ನಿನ್ನೆ ಸಂಜೆಯಿಂದ ಈಗಿನ ತನಕ ಹನ್ನೊಂದು ಲೀಟರ್ ನೀರು ಯಾರಿಗೂ ಬೇಡವಾಗಿ ಬಿದ್ದಿದೆ. ಅವರು ಬಕೆಟ್ಟನ್ನು ಎತ್ತಿ ನೆಲ ಒರೆಸುವ ಕೋಲಿನ ಪಕ್ಕಕ್ಕೆ ತಂದಿಡುತ್ತಾರೆ. ಈ ಮಹಡಿಯ ನೆಲಕ್ಕೆ ಇವತ್ತು ಬೇರೆ ನೀರು ಬೇಕಾಗಿಲ್ಲ.

"ಪ್ಲಂಬರ್‌ಗೆ ಹೇಳಿ ಹದಿನಾರು ದಿನ ಆಯ್ತು. ಬರ್ತೀನಿ ಅಂದ," ಎನ್ನುತ್ತಾರೆ. "ಅವನು ಬರೋ ತನಕ ನಲ್ಲಿ ಸುಮ್ನಿರುತ್ತಾ? ಅದು ಅದರ ಕೆಲಸ ಮಾಡುತ್ತೆ, ನಾನು ನನ್ನ ಕೆಲಸ ಮಾಡ್ತೀನಿ."

ಆಮೇಲೆ ಹಜಾರದ ಉದ್ದಕ್ಕೂ ನಡೆಯುತ್ತಾ ದೀಪ ಆರಿಸುತ್ತಾರೆ. ಬೆಳಕು ಹರಿದಿದೆ, ಆದರೆ ಮೂರು ಮಹಡಿಗಳಲ್ಲಿ ಹದಿನಾಲ್ಕು ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿವೆ. ಖಾಲಿ ಸ್ನಾನದ ಮನೆಗಳಲ್ಲಿ ಮೂರು ಫ್ಯಾನು ತಿರುಗುತ್ತಿವೆ. ಬಟ್ಟೆ ಒಗೆಯುವ ಕೋಣೆಯ ಇಸ್ತ್ರಿಪೆಟ್ಟಿಗೆಯನ್ನು ಯಾರೋ ಈ ಸಲ ನೆನಪಿನಿಂದ ಆರಿಸಿ ಹೋಗಿದ್ದಾರೆ. ಹೋದ ತಿಂಗಳು ಅದು ಬೆಳಗಿನ ತನಕ ಕಾಯುತ್ತಲೇ ಇದ್ದು ಹಲಗೆಗೆ ತನ್ನ ಆಕಾರದ ಕಪ್ಪು ಗುರುತು ಬಿಟ್ಟಿತ್ತು.

ತೊಂಬತ್ತಾರು ಕೋಣೆ, ಕೋಣೆಗೆ ಇಬ್ಬರು. ಗುರುತಿನ ಚೀಟಿಯಲ್ಲಿ ಇವರ ಹುದ್ದೆ 'ಸ್ವಚ್ಛತಾ ಸಹಾಯಕಿ'. ಹುಡುಗಿಯರ ಬಾಯಲ್ಲಿ ಬಕೆಟ್ ಅಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಈ ಕಟ್ಟಡಕ್ಕೆ ಐದು ವಾರ್ಡನ್‌ಗಳು ಬಂದುಹೋದರು. ಬಕೆಟ್ ಅಕ್ಕ ಇದ್ದಲ್ಲೇ ಇದ್ದಾರೆ.

ಇವತ್ತಿನ ಬೆಳಗ್ಗೆಗೂ ನಿನ್ನೆಯ ಬೆಳಗ್ಗೆಗೂ ಒಂದೇ ವ್ಯತ್ಯಾಸ. ನಿನ್ನೆ ಆಫೀಸಿನಿಂದ ಒಂದು ಕಾಗದ ಬಂದಿದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿರುವ 'ಅನುಪಯುಕ್ತ ವಸ್ತುಗಳನ್ನು' ಒಂಬತ್ತು ದಿನಗಳೊಳಗೆ ವಿಲೇವಾರಿ ಮಾಡತಕ್ಕದ್ದು ಎಂದು ಅದರಲ್ಲಿದೆ. ಒಂಬತ್ತನೇ ದಿನ ಬೆಳಗ್ಗೆ ಹತ್ತಕ್ಕೆ ಕಸದ ಲಾರಿ ಬರುತ್ತದೆ.

ಆ ಕೋಣೆ ಎಂಟಡಿ ಉದ್ದ, ಆರಡಿ ಅಗಲ. ಮೇಲೆ ಮೆಟ್ಟಿಲು ಇರುವುದರಿಂದ ಚಾವಣಿ ಒಂದು ಕಡೆಗೆ ಇಳಿಜಾರು. ಅರ್ಧ ಕೋಣೆಯಲ್ಲಿ ನೆಟ್ಟಗೆ ನಿಲ್ಲಬಹುದು, ಇನ್ನರ್ಧದಲ್ಲಿ ನಿಂತರೆ ತಲೆಗೆ ಪೆಟ್ಟು. ಒಳಗೆ ಐವತ್ತೆಂಟು ಬಕೆಟ್ಟುಗಳು ಒಂದರೊಳಗೊಂದು ಕೂತಿವೆ. ಮೂವತ್ಮೂರು ಮೇಜುದೀಪಗಳಿವೆ, ಒಂಬತ್ತು ನೀರು ಕಾಯಿಸುವ ಕೆಟಲ್‌ಗಳಿವೆ, ಹಗ್ಗ ಕಟ್ಟಿ ಸುತ್ತಿಟ್ಟ ಇಪ್ಪತ್ತಾರು ಹಾಸಿಗೆಗಳಿವೆ. ಹ್ಯಾಂಗರುಗಳನ್ನು ಯಾರೂ ಎಣಿಸಿಲ್ಲ. ಇವೆಲ್ಲ ಮೂರು ವಾರದ ಹಿಂದೆ ಕೊನೆಯ ವರ್ಷದ ಹುಡುಗಿಯರು ಬಿಟ್ಟು ಹೋದದ್ದು. ಇನ್ನೊಂದು ವಾರಕ್ಕೆ ಹೊಸಬರು ಬರುತ್ತಾರೆ, ಇವು ಅವರ ಕೈ ಸೇರುತ್ತವೆ.

ಇಳಿಜಾರಿನ ಕಡೆಯ ಗೋಡೆಗೆ ಒಂದು ಹಲಗೆ ಇದೆ. ಅದರ ಮೇಲೆ ಹದಿನಾಲ್ಕು ಗಂಟುಗಳು. ಒಂದೊಂದಕ್ಕೂ ಹೊಲಿದ ಬಟ್ಟೆಯ ಚೀಟಿ, ಚೀಟಿಯ ಮೇಲೆ ಕೋಣೆಯ ನಂಬರು ಮತ್ತು ಒಂದು ತಾರೀಖು. ಅವುಗಳನ್ನು ಹೊಸಬರಿಗೆ ಕೊಡುವಂತಿಲ್ಲ.

ಶುರುವಾದದ್ದು ಸಣ್ಣ ಸಿಟ್ಟಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೋಣೆಗಳು ಖಾಲಿಯಾದಾಗ ಬಂದ ಲಾರಿಗೆ ಅವರೇ ಸಾಮಾನು ತುಂಬಿದರು. ಮೂರು ಸಲ ತುಂಬಿ ಕಳಿಸಿದರು. ನಾಲ್ಕು ವಾರ ಕಳೆದ ಮೇಲೆ ಹೊಸ ಹುಡುಗಿಯರು ಬಂದಿಳಿದರು. ಅಪ್ಪಂದಿರ ಕೈಯಲ್ಲಿ ಹೊಸ ಬಕೆಟ್ಟು, ಅಮ್ಮಂದಿರ ಕೈಯಲ್ಲಿ ಹೊಸ ದೀಪ, ಎಲ್ಲ ಒಂದೇ ಅಂಗಡಿಯವು.

"ನಾನು ಲಾರಿಗೆ ಎಸೆದಿದ್ನಲ್ಲ, ಅದೇ ನೀಲಿ ಬಕೆಟ್ಟು," ಎನ್ನುತ್ತಾರೆ. "ಅದೇ ಹಿಡಿ, ಅದೇ ಬಣ್ಣ. ಒಂದು ಕ್ಷಣ ನಾನು ಎಸೆದದ್ದೇ ತಿರುಗಿ ಬಂತೇನೋ ಅನ್ನಿಸ್ತು. ಸೊಂಟ ಮುರ್ಕೊಂಡು ಕೆಳಗಿಳಿಸಿದ್ದನ್ನ ಇನ್ಯಾರೋ ಸೊಂಟ ಮುರ್ಕೊಂಡು ಮೇಲೆ ಹತ್ತಿಸ್ತಾ ಇದ್ರು. ಏನ್ ಕರ್ಮ ಇದು ಅನ್ಕೊಂಡೆ."

ಮರುವರ್ಷ ಆರು ಬಕೆಟ್ಟುಗಳನ್ನು ಲಾರಿಗೆ ಹಾಕದೆ ಮೆಟ್ಟಿಲ ಕೆಳಗೆ ದೂಡಿದರು. ಆಗಿನ ವಾರ್ಡನ್ ಕಂಡೂ ಕಾಣದಂತಿದ್ದರು. ಆರೂ ಬಕೆಟ್ಟು ಒಂದೇ ದಿನದಲ್ಲಿ ಖರ್ಚಾದವು. ಹೆಸರೂ ಅಂಟಿಕೊಂಡಿತು.

ಕೋಣೆ ಖಾಲಿ ಮಾಡಿಸುವುದಕ್ಕೆ ಅವರದೇ ಒಂದು ಕ್ರಮವಿದೆ. ಹುಡುಗಿಯರು ಹೋದ ಮೇಲೆ ಬಾಗಿಲು ತೆರೆದು ಮೊದಲು ಬರೀ ಮಂಚದ ಮೇಲೆ ಕೂರುತ್ತಾರೆ. ಏನನ್ನೂ ಮುಟ್ಟುವುದಿಲ್ಲ. "ನಿಂತ್ಕೊಂಡು ನೋಡಿದ್ರೆ ಎಲ್ಲಾ ಕಸವಾಗೇ ಕಾಣುತ್ತೆ. ಕೂತ್ರೆ ಒಂದೊಂದಾಗಿ ಕಾಣುತ್ತೆ." ಕೂತು ನೋಡಿದ ಮೇಲೆ ಮೊಣಕಾಲೂರಿ ಮಂಚದ ಕೆಳಗೆ ಬಗ್ಗುತ್ತಾರೆ. ಹುಡುಗಿಯರು ಮರೆತದ್ದು ಮೇಜಿನ ಮೇಲೆ ಇರುವುದಿಲ್ಲ, ಮಂಚದ ಕೆಳಗಿರುತ್ತದೆ. ನೆಲದ ಮೇಲೆ ಹಳೆಯ ಹೊದಿಕೆಗಳನ್ನು ಹಾಸಿ ಸಾಮಾನು ವಿಂಗಡಿಸುತ್ತಾರೆ. ನೇರ ಕೊಡುವಂಥವು ಒಂದರ ಮೇಲೆ, ರಿಪೇರಿಯಾಗಬೇಕಾದವು ಇನ್ನೊಂದರ ಮೇಲೆ. ಮೂರನೆಯದರ ಮೇಲೆ ಕತ್ತರಿಸಿ ನೆಲ ಒರೆಸಲು ಆಗುವ ಬಟ್ಟೆ. ನಾಲ್ಕನೆಯ ಹೊದಿಕೆ ಆರು ವರ್ಷದ ಹಿಂದೆ ಸೇರಿಕೊಂಡಿತು. ಅದರ ಮಾತನ್ನು ಅವರು ತಾವಾಗಿ ಎತ್ತುವುದಿಲ್ಲ.

ಬಕೆಟ್ಟು ಪಡೆಯುವ ಹುಡುಗಿಗೆ ಒಂದೇ ಷರತ್ತು. ಹೋಗುವಾಗ ಅದನ್ನು ಕೋಣೆಯಲ್ಲಿ ಬಿಟ್ಟು ಹೋಗುವಂತಿಲ್ಲ, ಕೈಯಾರೆ ತಂದು ಒಪ್ಪಿಸಬೇಕು, ಹಿಡಿ ಗಟ್ಟಿಯಿರಬೇಕು. ಬಕೆಟ್ಟಿನ ತಳದಲ್ಲಿ ಉಗುರುಬಣ್ಣದ ಚುಕ್ಕೆಗಳಿವೆ, ಕೈ ಬದಲಾದಾಗಲೆಲ್ಲ ಒಂದು. ಏಳು ಚುಕ್ಕೆಯ ಬಕೆಟ್ಟೊಂದಿದೆ. ಅದು ತಿರುಗಿ ಬಂದಾಗಲೆಲ್ಲ ಯಾರಿಗೆ ಕೊಡಬೇಕೆಂದು ಅವರು ನಾಲ್ಕಾರು ದಿನ ಯೋಚಿಸುತ್ತಾರೆ. ಕಾರಣ ಕೇಳಿದರೆ ನಗುತ್ತಾರೆ. ಏಳು ಹುಡುಗಿಯರು ಸಾಕಿದ ಬಕೆಟ್ಟು, ದಾರಿಯಲ್ಲಿ ಹೋಗುವವರಿಗೆ ಕೊಡೋಕಾಗುತ್ತಾ ಎಂದು ಕೇಳುತ್ತಾರೆ.

ಸಾಮಾನು ಕೊಟ್ಟರೆ ಅರ್ಧ ಕೆಲಸ. ಉಳಿದರ್ಧಕ್ಕೆ ಅವರು ಹೊಸಬರ ಕೋಣೆಯೊಳಗೇ ಹೋಗುತ್ತಾರೆ. ಮೇಜು ಗೋಡೆಗೆ ಮುಖ ಮಾಡಿದ್ದರೆ ಎಳೆಸಿ ಕಿಟಕಿಯ ಪಕ್ಕಕ್ಕೆ ಹಾಕಿಸುತ್ತಾರೆ, ಬೆಳಕು ಎಡಗಡೆಯಿಂದ ಬರುವ ಹಾಗೆ. ಫೋನು, ಲ್ಯಾಪ್‌ಟಾಪು, ದೀಪ ಎಲ್ಲದರ ವೈರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿಸಿ, ಹೊರಗೆ ಹೋಗುವಾಗ ಒಂದೇ ಸ್ವಿಚ್ಚು ಒತ್ತುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಾಲ್ಕು ಕೋಣೆಗೆ ಒಂದು ಕೆಟಲ್ ಸಾಕು ಎನ್ನುವುದು ಅವರ ಲೆಕ್ಕ. ಬಟ್ಟೆ ಒಣಗಿಸುವ ಯಂತ್ರಕ್ಕೂ ಅವರಿಗೂ ಆಗಿಬರುವುದಿಲ್ಲ, ಬಿಸಿಲಿರುವಾಗ ಅದಕ್ಕೇನು ಕೆಲಸ ಎಂದು ಅದರ ಮುಂದೆಯೇ ಕೇಳುತ್ತಾರೆ, ಅದಕ್ಕೆ ಕಿವಿ ಇರುವ ಹಾಗೆ.

ಎಲ್ಲರೂ ಕೇಳುತ್ತಾರೆಂದಲ್ಲ. ಎರಡನೇ ಮಹಡಿಯ ಒಬ್ಬ ಹುಡುಗಿ ಹೋದ ವರ್ಷ, ನೀವು ನೆಲ ಒರೆಸೋಕೆ ಬಂದ್ರೋ ಪಾಠ ಮಾಡೋಕೆ ಬಂದ್ರೋ ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಬಕೆಟ್ ಅಕ್ಕ, "ಎರಡಕ್ಕೂ ಒಂದೇ ಸಂಬಳ ಕಣಮ್ಮ, ಕಾಲೆತ್ತು," ಎಂದು ಅವಳ ಕಾಲ ಕೆಳಗಿನ ನೆಲ ಒರೆಸಿದರು. ಅವಳ ಮೇಜು ಎರಡು ತಿಂಗಳ ಮೇಲೆ ತಾನಾಗಿ ಕಿಟಕಿಯ ಪಕ್ಕ ಬಂತು. ಹಗಲು ಮೂರು ಗಂಟೆಗೆ ಆ ಮಹಡಿಯಲ್ಲಿ ಉರಿಯುತ್ತಿದ್ದ ಇಪ್ಪತ್ತೇಳು ಟ್ಯೂಬ್‌ಲೈಟುಗಳು ಈಗ ಆರಕ್ಕೆ ಇಳಿದಿವೆ. ಇದನ್ನು ಬೇರೆ ಯಾರೂ ಎಣಿಸಿಲ್ಲ, ಅವರೇ ಎಣಿಸಿದ್ದು.

ಮನೆ ಇರುವುದು ಬಸ್ಸು ನಿಲ್ಲಿಸುವ ಡಿಪೋದ ಹಿಂದೆ, ಎರಡು ಕೋಣೆ. ಗಂಡ ಗೋಡೆಗೆ ಬಣ್ಣ ಬಳಿಯುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಸಾರುವೆಯಿಂದ ಬಿದ್ದು ಎಡಗಾಲು ಮಡಚದಂತಾಗಿದೆ. ಅವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಹೆಂಡತಿ ತಂದ ದೀಪಗಳನ್ನು ರಿಪೇರಿ ಮಾಡುತ್ತಾರೆ. ಹತ್ತರಲ್ಲಿ ಎಂಟಕ್ಕೆ ಏನೂ ಆಗಿರುವುದಿಲ್ಲ, ವೈರು ಬುಡದಲ್ಲಿ ತುಂಡಾಗಿರುತ್ತದೆ, ಅಷ್ಟೇ. "ನಮ್ಮನೇಲಿ ಸಂಜೆ ಏಳರ ತನಕ ದೀಪ ಹಾಕೋ ಹಾಗಿಲ್ಲ," ಎಂದು ದೂರುತ್ತಾರೆ. "ಆ ಹುಡುಗೀರಿಗೆ ಮಾತ್ರ ನಾನು ಕತ್ತಲಲ್ಲಿ ಕೂತು ದೀಪ ಮಾಡ್ಕೊಡ್ಬೇಕು." ಎಂಬತ್ತರ ಗಡಿ ದಾಟಿದ ಅತ್ತೆ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾರೆ: "ಸೊಸೆ ಅಂತ ಕರ್ಕೊಂಡು ಬಂದ್ವಿ. ಗುಜರಿ ಅಂಗಡೀನೇ ಹಿಂದೆ ಬಂತು." ಹೀಗೆನ್ನುವ ಅತ್ತೆ ಒರಗಿಕೊಂಡಿರುವ ದಿಂಬು ಐವತ್ಮೂರನೇ ಕೋಣೆಯದು. ಅದನ್ನು ಸೊಸೆ ಬಾಯಿಬಿಟ್ಟು ಹೇಳುವುದಿಲ್ಲ.

ನಾಲ್ಕನೆಯ ಹೊದಿಕೆಯ ಮಾತು ಬಂದಾಗ ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸುವುದಿಲ್ಲ, ದನಿ ಮಾತ್ರ ಇಳಿಯುತ್ತದೆ.

ಆರು ವರ್ಷದ ಹಿಂದೆ ಹದಿನೇಳನೇ ಕೋಣೆಯ ಹುಡುಗಿಯೊಬ್ಬಳು ವರ್ಷದ ನಡುವೆ ಊರಿಗೆ ಹೋದಳು. ತಾಯಿ ತೀರಿಕೊಂಡಿದ್ದರು. ಪರೀಕ್ಷೆಗೆ ತಿರುಗಿ ಬರಲಿಲ್ಲ. ವರ್ಷದ ಕೊನೆಗೆ ಆಫೀಸು ಕೊಟ್ಟ ಪಟ್ಟಿಯಲ್ಲಿ ಹದಿನೇಳರ ಮುಂದೆ 'ಖಾಲಿ' ಎಂದಿತ್ತು. ಬಕೆಟ್ ಅಕ್ಕ ಎಂದಿನಂತೆ ಮಂಚದ ಮೇಲೆ ಕೂತರು, ಎಂದಿನಂತೆ ಬಗ್ಗಿದರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಹೊದಿಕೆ ಸಿಕ್ಕಿತು. ಹಳೆಯ ಹತ್ತಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲಿ ಹೊಲಿದದ್ದು. ಅಂಚು ಸವೆದಿತ್ತು, ಬಣ್ಣ ಹೋಗಿತ್ತು.

ನೆಲ ಒರೆಸುವವರ ಕಣ್ಣಿಗೆ ಅಂಥ ಬಟ್ಟೆ ಬೇರೆಯೇ ಆಗಿ ಕಾಣುತ್ತದೆ. ಹೊಸ ಬಟ್ಟೆ ನೀರು ಕುಡಿಯುವುದಿಲ್ಲ, ನೆಲದ ಮೇಲೆ ಸುಮ್ಮನೆ ಜಾರುತ್ತದೆ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಒಂದೇ ಎಳೆತಕ್ಕೆ ನೆಲವನ್ನು ಒಣಗಿಸಿಬಿಡುತ್ತದೆ. ಅದೇ ಕೋಣೆಯಲ್ಲಿದ್ದ ಅಂಗಡಿಯ ಹೊಸ ಕಂಬಳಿಯನ್ನು ಅವರು ಕೊಡುವ ಸಾಮಾನಿನ ಜೊತೆ ಇಟ್ಟರು. ಈ ಹೊದಿಕೆಯನ್ನು ಎಂಟು ಪಟ್ಟಿಯಾಗಿ ಕತ್ತರಿಸಿ ಮೂರೂ ಮಹಡಿಯ ಒರೆಸುವ ಕೋಲುಗಳಿಗೆ ಕಟ್ಟಿದರು. ಹಂಚಿಕೊಂಡ ಸಹೋದ್ಯೋಗಿಗಳು ಎಲ್ಲಿಂದ ತಂದಿರಿ ಇಷ್ಟು ಒಳ್ಳೇ ಬಟ್ಟೆ ಎಂದು ಕೇಳಿದ್ದರು.

ನಲವತ್ತು ದಿನದ ಮೇಲೆ ಹುಡುಗಿ ಬಂದಳು. ಕಂಬಳಿ ಬೇಡ, ಪುಸ್ತಕ ಬೇಡ, ಹೊದಿಕೆ ಎಲ್ಲಿ ಎಂದಳು. ಅವಳ ಅಮ್ಮ ತಮ್ಮ ಹಳೆಯ ಬಟ್ಟೆಗಳನ್ನೇ ಕತ್ತರಿಸಿ ಹೊಲಿದದ್ದಂತೆ.

"ಕೂತಿರು ಮರೀ ಅಂದೆ," ಎನ್ನುತ್ತಾರೆ ಬಕೆಟ್ ಅಕ್ಕ. "ಮೂರು ಮಹಡಿ ಓಡಿದೆ. ಕೋಲುಗಳಿಂದ ಬಿಚ್ಚಿದೆ. ಐದು ಪಟ್ಟಿ ಸಿಕ್ತು. ಮೂರು ಆಗ್ಲೇ ಸವೆದು ಲಾರಿಗೆ ಹೋಗಿತ್ತು. ಬಿಸಿನೀರಲ್ಲಿ ಎರಡು ಸಲ ಒಗೆದೆ, ಫಿನಾಯಿಲ್ ವಾಸನೆ ಹೋಗ್ಲಿಲ್ಲ. ಅವಳು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ಲು. ಕೊಟ್ಟೆ. ನೋಡಿದ್ಲು. 'ಇಷ್ಟೇನಾ?' ಅಂದ್ಲು. 'ಇಷ್ಟೇ' ಅಂದೆ. ಚೀಲಕ್ಕೆ ಹಾಕ್ಕೊಂಡು ಹೋದ್ಲು."

ಆಮೇಲೆ ಸೇರಿಸುತ್ತಾರೆ: "ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ."

ಅಂದಿನಿಂದ, ವರ್ಷದ ನಡುವೆ ಬಿಟ್ಟು ಹೋದ ಹುಡುಗಿಯ ಸಾಮಾನು ನಾಲ್ಕನೆಯ ಹೊದಿಕೆಗೆ ಬೀಳುತ್ತದೆ. ಕಾಯಿಲೆ ಬಿದ್ದವರು, ಮನೆಯಲ್ಲಿ ಸಾವಾದವರು, ಓದು ತಲೆಗೆ ಹತ್ತದೆ ಹೋದವರು, ಯಾಕೆ ಹೋದರೆಂದು ಯಾರಿಗೂ ಗೊತ್ತಿಲ್ಲದವರು. ಎಲ್ಲವನ್ನೂ ಒಟ್ಟಿಗೆ ಗಂಟು ಕಟ್ಟಿ, ಚೀಟಿ ಹೊಲಿದು, ಹಲಗೆಯ ಮೇಲಿಡುತ್ತಾರೆ. ಒಂದು ವರ್ಷ ಅದಕ್ಕೆ ಕತ್ತರಿ ಹಾಕುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಆರು ವರ್ಷದಲ್ಲಿ ಅರವತ್ತೊಂದು ಗಂಟುಗಳಾದವು. ಮೂವತ್ನಾಲ್ಕಕ್ಕೆ ವಾರಸುದಾರರು ಬಂದರು. ಹದಿಮೂರು ಗಂಟುಗಳು ಒಂದು ವರ್ಷ ತುಂಬಿದ ಮೇಲೆ ಹೊಸಬರಿಗೆ ಹೋದವು. ಉಳಿದ ಹದಿನಾಲ್ಕು ಈಗ ಹಲಗೆಯ ಮೇಲಿವೆ. ಆಫೀಸಿನ ಕಾಗದದ ಪ್ರಕಾರ ಇವೂ ಅನುಪಯುಕ್ತ ವಸ್ತುಗಳೇ.

ಕಾಗದಕ್ಕೆ ಕಾರಣ ಕೆಟ್ಟದ್ದೇನಲ್ಲ. ಕಾಲೇಜು 'ಹಸಿರು ಹಾಸ್ಟೆಲ್' ಎಂಬ ಮಾನ್ಯತೆಗೆ ಅರ್ಜಿ ಹಾಕಿದೆ, ಪರಿಶೀಲನೆಗೆ ತಂಡ ಬರಲಿದೆ. ಕಸ ಬೇರ್ಪಡಿಸಲು ನಾಲ್ಕು ಬಣ್ಣದ ಹನ್ನೆರಡು ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳು ಬಂದಿವೆ. ಅವುಗಳನ್ನಿಡಲು ಮೆಟ್ಟಿಲ ಕೆಳಗಿನ ಕೋಣೆ ಬೇಕು. ಜೊತೆಗೆ ನೆಲಮಹಡಿಯ ನಾಲ್ಕನೇ ಕೋಣೆಯನ್ನು ಖಾಲಿ ಮಾಡಿಸಿ ಪರಿಸರಸ್ನೇಹಿ ಮಾದರಿ ಕೋಣೆ ಮಾಡಿದ್ದಾರೆ. ಬಿದಿರಿನ ಹೊಸ ಮೇಜು, ನಾರಿನ ಹೊಸ ಚಾಪೆ, ಗಾಜಿನ ಬಾಟಲಿ, ಬಟ್ಟೆಯ ಚೀಲಗಳು, ಕುಂಡದಲ್ಲಿ ಗಿಡ. ಮಂಚಕ್ಕೆ ನೆಲ ಮುಟ್ಟುವ ಹಾಗೆ ಹಸಿರು ಹಾಸು. ಅಲ್ಲಿ ಯಾರೂ ಮಲಗುವುದಿಲ್ಲ.

ಆ ಕೋಣೆಯ ಸಾಮಾನು ಬಿಚ್ಚಿದ ದಿನ ಹನ್ನೊಂದು ರಟ್ಟಿನ ಪೆಟ್ಟಿಗೆ, ಎರಡು ಮೂಟೆ ಪ್ಲಾಸ್ಟಿಕ್ ಹಾಳೆ ಮತ್ತು ಥರ್ಮೋಕೋಲ್ ಹೊರಗೆ ಹೊತ್ತವರು ಬಕೆಟ್ ಅಕ್ಕ. "ಒಂದು ಹಸಿರು ಕೋಣೆ ಹುಟ್ಟೋಕೆ ಎಷ್ಟು ಕಸ ಬೇಕು ನೋಡಿ," ಎನ್ನುತ್ತಾರೆ, ನಗದೆ. ಇನ್ನೊಂದನ್ನೂ ಅವರು ಗಮನಿಸಿದ್ದಾರೆ. ಫೋಟೋಗೆ ಚೆನ್ನಾಗಿ ಕಾಣಲೆಂದು ಮೇಜನ್ನು ಬಾಗಿಲ ಎದುರಿನ ಮೂಲೆಗೆ ಹಾಕಿದ್ದಾರೆ, ಕಿಟಕಿಗೆ ಬೆನ್ನು. ಅಲ್ಲಿ ಓದಬೇಕೆಂದರೆ ಮಧ್ಯಾಹ್ನವೂ ಲೈಟ್ ಹಾಕಬೇಕು.

ವಾರ್ಡನ್ ಮೇಡಂ ಮೂವತ್ತೈದರ ಆಸುಪಾಸಿನವರು, ಬಂದು ಎರಡು ವರ್ಷವಾಗಿದೆ. ಕೆಟ್ಟವರಲ್ಲ. ಅವರಿಗೂ ಮೇಲಿನವರ ಭಯವಿದೆ. ಬಕೆಟ್ ಅಕ್ಕ ಆ ಕಾಗದ ಹಿಡಿದು ಆಫೀಸಿಗೆ ಹೋದಾಗ ಅವರು ಕುರ್ಚಿ ತೋರಿಸಿದರು, ಇವರು ಕೂರಲಿಲ್ಲ. ಬಕೆಟ್ಟು ದೀಪಗಳನ್ನು ಹೊಸಬರು ಬಂದ ದಿನವೇ ಹಂಚಿ ಮುಗಿಸುತ್ತೇನೆ, ಆದರೆ ಗಂಟುಗಳಿಗೆ ಒಂದು ಜಾಗ ಬೇಕು ಎಂದರು. ಮೇಡಂ ಪಟ್ಟಿ ತೆಗೆದು ನೋಡಿದರು. ಹದಿನಾಲ್ಕು ಹುಡುಗಿಯರ ಹೆಸರೂ ದಾಖಲೆಯಿಂದ ತೆಗೆದುಹಾಕಿದ್ದಾಗಿದೆ, ಇಲ್ಲದವರ ಸಾಮಾನನ್ನು ಹಾಸ್ಟೆಲ್ ಇಟ್ಟುಕೊಳ್ಳುವಂತಿಲ್ಲ ಎಂದು ಸಮಾಧಾನದ ದನಿಯಲ್ಲೇ ಹೇಳಿದರು. ಮನೆಗೆ ಒಯ್ಯಬಹುದಲ್ಲ ಎಂದೂ ಕೇಳಿದರು. ಎರಡು ಕೋಣೆಯ ಮನೆಯಲ್ಲಿ ಮೂರು ಜನ ಮತ್ತು ರಿಪೇರಿಯ ದೀಪಗಳಿವೆ ಎಂದು ಇವರು ವಿವರಿಸಲು ಹೋಗಲಿಲ್ಲ. "ಅವರು ಇಲ್ಲಿಗೆ ಬರ್ತಾರೆ ಮೇಡಂ, ನಮ್ಮನೆಗಲ್ಲ," ಎಂದಷ್ಟೇ ಹೇಳಿ ಬಂದರು.

ಏಳನೇ ದಿನ ಹೊಸಬರು ಬರುತ್ತಾರೆ. ಬೆಳಗ್ಗೆ ಆರಕ್ಕೇ ನೆಲಮಹಡಿಯ ಹಜಾರದ ಎರಡೂ ಬದಿಗೆ ಸಾಮಾನು ಸಾಲಾಗಿ ನಿಂತಿದೆ. ಬಕೆಟ್ಟುಗಳನ್ನು ಬೋರಲು ಹಾಕಿದ್ದಾರೆ, ತಳದ ಚುಕ್ಕೆಗಳು ಕಾಣಲೆಂದು. ಹೋದ ವರ್ಷದ ಹುಡುಗಿಯರು ಹೊಸಬರಿಗೆ ಚುಕ್ಕೆಯ ಅರ್ಥ ಹೇಳುತ್ತಿದ್ದಾರೆ. ಕಡಿಮೆ ಚುಕ್ಕೆಯ ಬಕೆಟ್ಟು ಯಾರಿಗೂ ಬೇಡವಾಗಿದೆ, ಐದು ಚುಕ್ಕೆಯದಕ್ಕೆ ಇಬ್ಬರು ಕೈ ಹಾಕಿ ಎಳೆದಾಡುತ್ತಿದ್ದಾರೆ. ಒಬ್ಬ ತಂದೆ ಮಾತ್ರ ಮೂಗು ಮುರಿದು, ನಮ್ಮ ಮಗಳಿಗೆ ಇನ್ನೊಬ್ಬರು ಬಳಸಿದ್ದು ಬೇಡ ಎಂದು ತಾವು ತಂದ ಹೊಳೆಯುವ ಬಕೆಟ್ಟನ್ನು ಎತ್ತಿ ತೋರಿಸುತ್ತಾರೆ. ಬಕೆಟ್ ಅಕ್ಕ ತಲೆಯಾಡಿಸುತ್ತಾರೆ. "ಆಯ್ತು ಸಾರ್. ಹೋಗುವಾಗ ನನ್ನ ಕೈಗೆ ಕೊಟ್ಟು ಹೋಗ್ಲಿ." ಮಗಳು ನಗುತ್ತಾಳೆ, ಅಪ್ಪ ನಗುವುದಿಲ್ಲ.

ಒಂದು ಗಂಟೆಯ ಹೊತ್ತಿಗೆ ಹಜಾರ ಬರಿದಾಗಿದೆ. ಏಳು ಚುಕ್ಕೆಯ ಬಕೆಟ್ಟು, ಒಬ್ಬಳೇ ಬಸ್ಸಿಳಿದು ಬಂದ, ಕೈಯಲ್ಲಿ ಒಂದೇ ಚೀಲವಿದ್ದ ಹುಡುಗಿಯ ಪಾಲಾಗಿದೆ. ಬಕೆಟ್ ಅಕ್ಕ ಅದಕ್ಕೆ ಎಂಟನೆಯ ಚುಕ್ಕೆ ಇಡುತ್ತಾರೆ. ಅಲ್ಲಿಗೆ ಆ ಕೆಲಸ ಮುಗಿಯಿತು. ಹಲಗೆಯ ಮೇಲಿನ ಹದಿನಾಲ್ಕು ಹಾಗೇ ಇವೆ.

ಒಂಬತ್ತನೇ ದಿನ ಬೆಳಗ್ಗೆ ಒಂಬತ್ತೂವರೆ. ಬಕೆಟ್ ಅಕ್ಕ ಮಾದರಿ ಕೋಣೆಯ ನೆಲ ಒರೆಸುತ್ತಿದ್ದಾರೆ, ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತು ಗಿಡದ ಕುಂಡ ಎಲ್ಲಿಟ್ಟರೆ ಚೆನ್ನ ಎಂದು ನೋಡುತ್ತಿದ್ದಾರೆ. ಒರೆಸುವ ಕೋಲು ಮಂಚದ ಹಾಸನ್ನು ಸರಿಸಿ ಕೆಳಗೆ ಹೋಗುತ್ತದೆ, ಆ ತುದಿಯ ಗೋಡೆಯ ತನಕ ಏನೂ ತಗಲದೆ ಹೋಗುತ್ತದೆ. ಬಕೆಟ್ ಅಕ್ಕ ಕೋಲನ್ನು ಅಲ್ಲೇ ಬಿಟ್ಟು ನಿಲ್ಲುತ್ತಾರೆ.

"ಮೇಡಂ, ಈ ಮಂಚದ ಕೆಳಗೆ ಖಾಲಿ ಇದೆ."

ಮೇಡಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಥವಾದ ಮೇಲೆ ಮುಖ ಸಣ್ಣದಾಗುತ್ತದೆ. "ಏನಮ್ಮ ಹೀಗಂದ್ರೆ? ತಂಡದವರು ನೋಡೋಕೆ ಬರೋದೇ ಈ ಕೋಣೇನ. ಬಗ್ಗಿ ನೋಡಿದ್ರೆ ನನ್ನ ಕಥೆ ಏನು?"

"ಯಾರೂ ಬಗ್ಗಲ್ಲ ಮೇಡಂ." ಬಕೆಟ್ ಅಕ್ಕ ಅದನ್ನು ದೂರಿನ ದನಿಯಲ್ಲಿ ಹೇಳುವುದಿಲ್ಲ. "ಹತ್ತೊಂಬತ್ತು ವರ್ಷದಿಂದ ಈ ಕಟ್ಟಡದಲ್ಲಿ ಮಂಚದ ಕೆಳಗೆ ಬಗ್ಗಿ ನೋಡೋಳು ನಾನೊಬ್ಬಳೇ."

ಗೇಟಿನ ಕಡೆಯಿಂದ ಲಾರಿ ಹಿಂದಕ್ಕೆ ಬರುವ ಸದ್ದು ಕೇಳುತ್ತದೆ. ಮೇಡಂ ಆ ಕಡೆ ನೋಡುತ್ತಾರೆ, ಮಂಚದ ಕಡೆ ನೋಡುತ್ತಾರೆ. ಆಮೇಲೆ ಗೊಂಚಲಿನಿಂದ ನಾಲ್ಕನೇ ಕೋಣೆಯ ಬೀಗದ ಕೈಯನ್ನು ಬಿಡಿಸಿ ಬಿದಿರಿನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಹದಿನಾಲ್ಕು ಗಂಟು ಹೊರಲು ಬಕೆಟ್ ಅಕ್ಕನಿಗೆ ಏಳು ಸಲ ಓಡಾಡಬೇಕಾಗುತ್ತದೆ. ಲಾರಿಯ ಚಾಲಕ ಇಳಿದು ಬಂದು ಮೆಟ್ಟಿಲ ಕೆಳಗಿನ ಕೋಣೆಗೆ ತಲೆ ಹಾಕಿದಾಗ ಅಲ್ಲಿ ಬರಿಯ ಹಲಗೆ ಇದೆ. ಇಷ್ಟಕ್ಕೆ ನನ್ನನ್ನ ಕರೆಸಿದ್ರಾ ಎಂದು ಗೊಣಗಿಕೊಂಡು ಅವನು ಮಾದರಿ ಕೋಣೆಯ ಥರ್ಮೋಕೋಲ್ ಮೂಟೆಗಳನ್ನು ಹೇರಿಕೊಂಡು ಹೋಗುತ್ತಾನೆ.

ಪರಿಶೀಲನಾ ತಂಡ ಎರಡು ವಾರದ ಮೇಲೆ ಬರುತ್ತದೆ. ಮೂವರು. ಹಾಸ್ಟೆಲ್ಲಿನಲ್ಲಿ ನಲವತ್ತು ನಿಮಿಷ ಇರುತ್ತಾರೆ, ಅದರಲ್ಲಿ ಏಳು ನಿಮಿಷ ಮಾದರಿ ಕೋಣೆಯಲ್ಲಿ. ಬಿದಿರಿನ ಮೇಜನ್ನು ಬೆರಳಿಂದ ಬಡಿದು ನೋಡುತ್ತಾರೆ, ಲೈಟ್ ಹಾಕಿಸಿ ಫೋಟೋ ತೆಗೆಸುತ್ತಾರೆ, ಬಣ್ಣದ ಡಬ್ಬಿಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಬಕೆಟ್ ಅಕ್ಕ ಆ ಹೊತ್ತಿಗೆ ಹಜಾರ ಒರೆಸುತ್ತಿರುತ್ತಾರೆ. ಪ್ಲಂಬರ್ ಇನ್ನೂ ಬಂದಿಲ್ಲ, ಬಕೆಟ್ಟಿನಲ್ಲಿ ಅದೇ ನಲ್ಲಿಯ ನೀರು. ಮೂವರಲ್ಲಿ ಒಬ್ಬರು ಒದ್ದೆ ನೆಲ ಕಂಡು ಪ್ಯಾಂಟಿನ ತುದಿ ಎತ್ತಿಕೊಂಡು ದಾಟುತ್ತಾರೆ. ಬಗ್ಗುವವರು ಯಾರೂ ಇಲ್ಲ.

ಮಾನ್ಯತೆ ಸಿಗುತ್ತದೆ. ಹಾಸ್ಟೆಲ್ಲಿನ ಬಾಗಿಲಲ್ಲೇ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದರ ಗಾಜು ಒರೆಸುವುದು ಬಕೆಟ್ ಅಕ್ಕನ ದಿನದ ಕೆಲಸಕ್ಕೆ ಹೊಸದಾಗಿ ಸೇರಿಕೊಂಡಿದೆ. ಅದರ ಬಗ್ಗೆ ಅವರಿಗೆ ಸಿಟ್ಟಿಲ್ಲ, ಸಂತೋಷವೂ ಇದ್ದಂತಿಲ್ಲ. ಏನಾದರೂ ಬೇಕೇ ಎಂದು ಕೇಳಿದರೆ ತುಸು ಯೋಚಿಸುತ್ತಾರೆ.

"ಒಂದು ಬೀರು ಸಿಕ್ಕಿದ್ರೆ ಸಾಕು. ಹೊಸದೇ ಬೇಕಂತಿಲ್ಲ. ಗಂಟುಗಳನ್ನ ಎದೆ ಮಟ್ಟಕ್ಕೆ ಇಡಬಹುದು. ಯಾರಾದ್ರೂ ಕೇಳ್ಕೊಂಡು ಬಂದ್ರೆ ಮೊಣಕಾಲೂರಿ ಎಳೀಬೇಕು ನೋಡಿ, ನೋಡೋರಿಗೂ ಅದೊಂಥರಾ ಕದ್ದಿಟ್ಟ ಹಾಗೆ ಕಾಣುತ್ತೆ."

ಹೀಗೆ ಕೇಳಿಕೊಂಡು ಬಂದವರು ಇದೇ ವಾರ ಒಬ್ಬರಿದ್ದಾರೆ. ಎಪ್ಪತ್ತೊಂದನೇ ಕೋಣೆಯ ಹುಡುಗಿಯ ತಂದೆ. ಮಗಳು ಕಾಯಿಲೆ ಬಿದ್ದು ಐದು ತಿಂಗಳ ಹಿಂದೆ ಮನೆಗೆ ಹೋದವಳು, ಇನ್ನು ತಿರುಗಿ ಬರುವ ಹಾಗಿಲ್ಲ. ತಂದೆ ದೊಡ್ಡದೊಂದು ಚೀಲ ತಂದಿದ್ದಾರೆ, ಆಫೀಸಿನಲ್ಲಿ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದಾರೆ. ಬಕೆಟ್ ಅಕ್ಕ ಅವರನ್ನು ಮಾದರಿ ಕೋಣೆಗೆ ಕರೆತರುತ್ತಾರೆ, ಬಗ್ಗುತ್ತಾರೆ, ಚೀಟಿ ಓದಿ ಒಂದು ಗಂಟನ್ನು ಎಳೆಯುತ್ತಾರೆ. ಯಾರೂ ಮಲಗದ ಮಂಚದ ಹಸಿರು ಹಾಸಿನ ಮೇಲೆ ಅದನ್ನು ಬಿಚ್ಚುತ್ತಾರೆ. ಎರಡು ಜೊತೆ ಬಟ್ಟೆ, ಒಂದು ಗಡಿಯಾರ, ಸಾಕ್ಸು, ಹಲ್ಲು ಮುರಿದ ಬಾಚಣಿಗೆ, ಅರ್ಧ ಬರೆದ ನೋಟ್‌ಪುಸ್ತಕ, ತೋಳು ಮಾತ್ರ ಹೆಣೆದು ಬಿಟ್ಟಿದ್ದ ಹಳದಿ ಉಣ್ಣೆಯ ಸ್ವೆಟರು, ಸೂಜಿಗಳು ಇನ್ನೂ ಅದರಲ್ಲೇ ಇವೆ.

ತಂದೆ ನೋಡುತ್ತಾ ನಿಲ್ಲುತ್ತಾರೆ. ಮೂರು ವರ್ಷಕ್ಕೆಂದು ಕಳಿಸಿದ ಮಗಳ ಸಾಮಾನು ಆ ದೊಡ್ಡ ಚೀಲದ ತಳಕ್ಕೂ ಸಾಲುವುದಿಲ್ಲ.

"ಇಷ್ಟೇನಾ?" ಎನ್ನುತ್ತಾರೆ.

ಬಕೆಟ್ ಅಕ್ಕ ಹಳದಿ ಸ್ವೆಟರನ್ನು ಎತ್ತಿ, ಸೂಜಿಯಿಂದ ಹೆಣಿಗೆ ಜಾರದಂತೆ ನಿಧಾನವಾಗಿ ಮಡಚಿ, ಎರಡೂ ಕೈಯಲ್ಲಿ ಹಿಡಿದು ಅವರ ಕೈಗೆ ಕೊಡುತ್ತಾರೆ.

"ಇಷ್ಟೂ ಇದೆ ಸಾರ್. ಒಂದು ಎಳೆ ದಾರಾನೂ ಹೋಗಿಲ್ಲ. ನೋಡ್ಕೊಳ್ಳಿ."